ಹುಳಿಗೆ ಸೋಲುವ ಕಲ್ಲು

ಕಲ್ಲಿನಂತೆ ಗಟ್ಟಿ ಎಂದು ನಾವು ಸಲೀಸಾಗಿ ಆಡಿಬಿಡುವ ಮಾತು ಎಲ್ಲ ಕಲ್ಲುಗಳಿಗೂ ಸಲ್ಲತಕ್ಕದ್ದಲ್ಲ. ನಿಂಬೆಯ ಹೋಳೊಂದನ್ನು ಅಮೃತಶಿಲೆಯ ಅಡುಗೆಕಟ್ಟೆಯ ಮೇಲೆ ಕವುಚಿಟ್ಟು ಒಗ್ಗರಣೆ ಮುಗಿಸಿ ಬರುವಷ್ಟರಲ್ಲಿ ಅಲ್ಲೊಂದು ಮಂಕು ಬಳೆ ಮೂಡಿರುತ್ತದೆ. ಒರಸಿದರೆ ಹೋಗದು, ಸೋಪು ಹಾಕಿ ಉಜ್ಜಿದರೂ ಹೋಗದು. ‘ಆಗಲೇ ಒರಸಬಾರದಿತ್ತೆ?’ ಎಂದು ಅಡುಗೆ ಮಾಡುವಾಕೆಯನ್ನು ಆಕ್ಷೇಪಿಸುವುದು ವಾಡಿಕೆ. ತಪ್ಪು ಆಕೆಯದಲ್ಲ, ಕಲ್ಲನ್ನು ಪರೀಕ್ಷಿಸದೆ ತಂದವರದು.

ಕಟ್ಟೆಯ ಮೇಲೆ ಬೀಳುವ ಗುರುತುಗಳಲ್ಲಿ ಎರಡು ಜಾತಿ: ಒಂದು ಕಲೆ, ಇನ್ನೊಂದು ಸವೆತ. ಎಣ್ಣೆಯೋ ಅರಿಸಿನವೋ ಕಾಫಿಯ ಡಿಕಾಕ್ಷನ್ನೋ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದು ಕುಳಿತರೆ ಅದು ಕಲೆ. ಕಲ್ಲು ಇದ್ದಂತೆಯೇ ಇರುತ್ತದೆ. ಪರಕೀಯ ವಸ್ತುವೊಂದು ಒಳಹೊಕ್ಕಿರುತ್ತದೆ, ಅಷ್ಟೆ. ಹೊಕ್ಕದ್ದನ್ನು ಹೊರಕ್ಕೆ ಸೆಳೆಯಬಹುದು. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ದಪ್ಪಗೆ ಮೆತ್ತಿ, ಮುಚ್ಚಿ ಒಂದು ರಾತ್ರಿ ಬಿಟ್ಟರೆ ಎಣ್ಣೆ ಬಹುಮಟ್ಟಿಗೆ ಅದಕ್ಕೆ ಏರಿ ಬರುತ್ತದೆ. ಅರಿಸಿನದ ಬಣ್ಣವಂತೂ ಬಿಸಿಲಿಗೆ ಮಾಸುತ್ತದೆ.

ಸವೆತ ಹಾಗಲ್ಲ. ಅಲ್ಲಿ ಒಳಗೆ ಬಂದದ್ದೇನೂ ಇಲ್ಲ, ಹೋದದ್ದು ಕಲ್ಲೇ. ಅಮೃತಶಿಲೆ ಎಂಬುದು ಭೂಗರ್ಭದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಹರಳುಗಟ್ಟಿದ ಸುಣ್ಣದ ಕಲ್ಲು. ರಸಾಯನಶಾಸ್ತ್ರದ ಮಾತಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟು. ನಿಂಬೆಯ ಸಿಟ್ರಿಕ್ ಆಮ್ಲವಾಗಲಿ, ಹುಣಸೆಯ ಟಾರ್ಟಾರಿಕ್ ಆಮ್ಲವಾಗಲಿ, ಮೊಸರಿನ ಲ್ಯಾಕ್ಟಿಕ್ ಆಮ್ಲವಾಗಲಿ ಸೋಕಿದ ಕೂಡಲೆ ಅದು ಕರಗತೊಡಗುತ್ತದೆ. ಇಂಗಾಲದ ಡೈಆಕ್ಸೈಡು ಹಾರಿಹೋಗುತ್ತದೆ, ನಯವಾದ ಮೈ ಒರಟಾಗುತ್ತದೆ. ಒರಟು ಮೈ ಬೆಳಕನ್ನು ಚದುರಿಸುವುದರಿಂದ ಮಂಕಾಗಿ ಕಾಣುತ್ತದೆ. ಮತ್ತೆ ಮೆರುಗು ಕೊಡಿಸುವುದೊಂದೇ ದಾರಿ. ಅಂಗಡಿಯವರು ಹಚ್ಚಿಕೊಡುವ ಸೀಲರ್ ಎಂಬ ಲೇಪವು ಕಲೆ ಇಳಿಯುವುದನ್ನು ತಡೆದೀತು; ಹುಳಿಯಿಂದ ಸುಣ್ಣವನ್ನು ಕಾಯಲಾರದು. ಹುಳಿಯಿಲ್ಲದ ಸಾರನ್ನು ಕಂಡರಿಯದ ನಮ್ಮ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದ್ದರಿಂದ ಕೊಳ್ಳುವ ಮುನ್ನ, ಅದೇ ಹಲಗೆಯಿಂದ ಕತ್ತರಿಸಿ ಉಳಿದ, ಮೆರುಗಿರುವ ತುಂಡೊಂದನ್ನು ಕೇಳಿ ತರಬೇಕು. ಅರ್ಧಕ್ಕೆ ಲೇಪ ಹಚ್ಚಿಸಿ ಉಳಿದರ್ಧವನ್ನು ಬರಿದೆ ಬಿಡಬೇಕು. ಎರಡೂ ಕಡೆ ನಿಂಬೆರಸ, ಹುಣಸೆಹುಳಿ, ಮೊಸರು, ಅರಿಸಿನ ಕಲಸಿದ ಎಣ್ಣೆ, ಡಿಕಾಕ್ಷನ್, ಒಂದೊಂದರ ತೊಟ್ಟನ್ನು ಮೂರು ಸಾಲಾಗಿ ಇಡುವುದು. ಮೊದಲ ಸಾಲನ್ನು 5 ನಿಮಿಷಕ್ಕೆ, ಎರಡನೆಯದನ್ನು ಒಂದು ಗಂಟೆಗೆ, ಮೂರನೆಯದನ್ನು ಮಾರನೆಯ ಬೆಳಿಗ್ಗೆ ಒರಸಿ, ತೊಳೆದು, ಒಣಗಿಸುವುದು. ಕಲೆ ನೇರ ನೋಟಕ್ಕೇ ಸಿಕ್ಕುತ್ತದೆ. ಸವೆತ ಕಾಣಬೇಕಾದರೆ ತುಂಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಕಣ್ಣು ಅನುಮಾನಿಸಿದರೆ ಬೆರಳ ತುದಿ ಹೇಳುತ್ತದೆ. ಅಮೃತಶಿಲೆಯಾದರೆ 5 ನಿಮಿಷದ ನಿಂಬೆರಸವೇ ಗುರುತು ಬಿಟ್ಟಿರುವುದು, ಲೇಪ ಹಚ್ಚಿದ ಭಾಗದಲ್ಲಿಯೂ.

ಬಿಳಿಯದು ಕೆಡುತ್ತದೆ, ಕರಿಯದು ತಡೆಯುತ್ತದೆ ಎಂದು ಬಣ್ಣವನ್ನು ನಂಬಿ ಹೊರಡುವವರೂ ಉಂಟು. ನಮ್ಮ ಎಷ್ಟೋ ಮನೆಗಳ ಕಟ್ಟೆಗೆ ಹಾಸಿರುವ ಕಪ್ಪು ಕಡಪಾ ಕಲ್ಲು, ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು, ಇವೆರಡೂ ಸುಣ್ಣದ ಕುಲದವೇ. ಹುಣಸೆಹುಳಿ ಚೆಲ್ಲಿದ ಕಡೆ ಕಡಪಾ ಕಲ್ಲು ಬೂದಿಬಣ್ಣಕ್ಕೆ ತಿರುಗುವುದನ್ನು ಗೃಹಿಣಿಯರು ಬಲ್ಲರು. ಚಾಮರಾಜನಗರ ಸೀಮೆಯ ಹೆಸರಾಂತ ಕರಿಕಲ್ಲಿನ ಕುಲ ಬೇರೆ. ನೆಲದ ಬಿರುಕುಗಳಿಗೆ ನುಗ್ಗಿ ಹೆಪ್ಪುಗಟ್ಟಿದ ಶಿಲಾರಸದಿಂದ ಹುಟ್ಟಿದ ಡಾಲರೈಟ್ ಅದು. ವ್ಯಾಪಾರಿಗಳು ಗ್ರಾನೈಟ್ ಎನ್ನುತ್ತಾರೆ, ಭೂವಿಜ್ಞಾನಿಗಳು ಒಪ್ಪುವುದಿಲ್ಲ. ಆ ಜಗಳ ಅಡುಗೆಮನೆಗೆ ಬೇಡ. ಅದರ ಖನಿಜಗಳು ಸಿಲಿಕೇಟುಗಳು, ನಮ್ಮ ಹುಳಿಗಳಿಗೆ ಜಗ್ಗುವುದಿಲ್ಲ. 1982ರಲ್ಲಿ ವಾಷಿಂಗ್‌ಟನ್ನಿನಲ್ಲಿ ಎದ್ದ ವಿಯೆಟ್ನಾಂ ಸ್ಮಾರಕದ ಗೋಡೆಗೆ, ಮಡಿದವರ ಹೆಸರು ಕೆತ್ತಲು, ಬೆಂಗಳೂರಿನ ಕಡೆಯಿಂದ ಕರಿಕಲ್ಲು ಹೋಯಿತು. ಪಶ್ಚಿಮದ ನಗರಗಳಲ್ಲಿ ಎಷ್ಟೋ ಹಳೆಯ ಅಮೃತಶಿಲೆಯ ಗೋರಿಗಳ ಅಕ್ಷರಗಳನ್ನು ಆಮ್ಲಮಳೆ ನೆಕ್ಕಿಹಾಕಿದೆ.

ಇಂಥ ಕರಿಕಲ್ಲು ಹತ್ತಿರದಲ್ಲೇ ಸಿಗುವ ಕುದೇರಿನಂಥ ಊರಿನಲ್ಲಿ, ತಾಜಮಹಲಿಗೆ ಕಲ್ಲು ಕೊಟ್ಟ ಮಕ್ರಾನದ ಬಿಳುಪನ್ನು ಸಾಲ ಮಾಡಿ ಅಡುಗೆಕಟ್ಟೆಗೆ ತರಿಸುವುದು ನನಗೆ ವಿವೇಕವಾಗಿ ತೋರುವುದಿಲ್ಲ. ಜಿಲ್ಲೆಯ ಹಾಲು ಒಕ್ಕೂಟದ ಡೈರಿಯೇ ಇರುವ ಊರು ಅದು. ಮೊಸರು ಚೆಲ್ಲದ ದಿನವುಂಟೆ? ದೇವರಮನೆಗೆ ಅಮೃತಶಿಲೆ ಒಪ್ಪುತ್ತದೆ, ಪಂಚಾಮೃತದ ಮೇಲೊಂದು ಕಣ್ಣಿಟ್ಟರೆ.

ಕರಿಕಲ್ಲನ್ನು ಆರಿಸಿದವರಿಗೂ ಒಂದು ಪರೀಕ್ಷೆ ಉಳಿದಿದೆ. ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುವುದುಂಟು. ಬಿಳಿಯ ಬಟ್ಟೆಯನ್ನು ಅಸಿಟೋನಿನಲ್ಲಿ ಅದ್ದಿ ಕಲ್ಲಿನ ಮೂಲೆಯೊಂದನ್ನು ಬಲವಾಗಿ ಉಜ್ಜಿ ನೋಡಬೇಕು. ಕಲ್ಲು ಅಸಲಾದರೆ ಬಟ್ಟೆ ಬಿಳಿಯಾಗಿಯೇ ಇರುತ್ತದೆ.