ಅಂಕಿತ ಒಬ್ಬರದು, ಹಾಡು ಎಲ್ಲರದು

ಇಪ್ಪತ್ತು ವರ್ಷಗಳ ಹಿಂದೆ, ಎಂ.ಎ. ಮುಗಿಸಿ ಊರಿಗೆ ಬಂದಿದ್ದಾಗ, ನಮ್ಮ ಗುಂಜಹಳ್ಳಿಯ ಹಿರಿಯ ಹೆಂಗಸರು ಹೇಳಿದ ಬೀಸುವ ಪದಗಳನ್ನು ಬರೆದುಕೊಂಡು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಕೈಬರಹದ ಪುಸ್ತಕ ಗೆದ್ದಲಿನ ಪಾಲಾಯಿತು. ಯಂತ್ರದಲ್ಲಿದೆಯಲ್ಲ ಎಂಬ ಧೈರ್ಯವೊಂದಿತ್ತು. ಈಚೆಗೆ ಆ ಕಡತವನ್ನು ತೆರೆದರೆ ಅಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ರೋಮನ್ ಅಕ್ಷರಗಳ ನಡುವೆ ಚುಕ್ಕೆ, ಕೊಕ್ಕೆಗಳ ಸಂತೆ! ಹಾಡಿದ ತಾಯಂದಿರಲ್ಲಿ ಇಂದು ಯಾರೂ ಉಳಿದಿಲ್ಲ.

ಕಾರಣ ಸರಳವಾದುದು. ಅಂದಿನ ಅನೇಕ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಮಾದರಿ ಇಲ್ಲದ ಕಡೆ ಬರಹವೂ ಇಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಶಿಷ್ಟತೆಯು ಕನ್ನಡಕ್ಕೆ ಅದರದೇ ಮನೆಯನ್ನು ಕೊಟ್ಟಿತು; ಅಲ್ಲಿ 'ಕ' ಎಂಬುದರ ಸಂಖ್ಯೆ 3221, ಯಾವ ದೇಶದ ಯಂತ್ರದಲ್ಲಾದರೂ ಅದೇ.

ನನ್ನ ಸಂಕಟವನ್ನು ಕೇಳಿದ ವಿದ್ಯಾರ್ಥಿಯೊಬ್ಬ, "ಯಂತ್ರವನ್ನು ನನಗೆ ಒಪ್ಪಿಸಿರಿ ಸರ್" ಎಂದ. ಅದು ಗುಜರಿಗೆ ಹೊರಟಿದ್ದ ಯಂತ್ರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತ್ತು. ವಿಂಡೋಸ್ 11 ಇಂಥ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಆತ ಅದರಲ್ಲಿ ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ಹೂಡಿದ. ಮುದುಕ ಯಂತ್ರ ಎದ್ದು ಕುಳಿತಿತು. ಕನ್ನಡದ ಸ್ವಯಂಸೇವಕರು ರಚಿಸಿ ಮುಕ್ತವಾಗಿ ಬಿಟ್ಟ ಪರಿವರ್ತಕದಿಂದ ಕಡತವನ್ನು ತಿರುಗಿಸಿದಾಗ ಹಾಡುಗಳು ಮರಳಿ ಬಂದವು. ತೆರೆಯ ಮೇಲಿನ ಆದೇಶಗಳೂ ಕನ್ನಡದಲ್ಲಿದ್ದವು. ನಾನು ಬಲ್ಲ ಕಗಪ ಕೀಲಿಮಣೆಯ ವಿನ್ಯಾಸವೂ ಅಲ್ಲಿತ್ತು.

ಈ ವ್ಯವಸ್ಥೆಯ ಕಥೆ ಸ್ವಾರಸ್ಯವಾದುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಸ್ವತಂತ್ರ ಕಾರ್ಯವ್ಯವಸ್ಥೆಯೊಂದನ್ನು ಕಟ್ಟುವ ಸಂಕಲ್ಪವನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದಕ್ಕೆ ಬೇಕಾದ ತಿರುಳನ್ನು ಒದಗಿಸಿದರು. ಅದರ ಪರವಾನಗಿ ಹೇಳುವುದಿಷ್ಟು: ಬಳಸು, ಬಿಚ್ಚಿ ನೋಡು, ತಿದ್ದು, ಹಂಚು, ಹಂಚುವಾಗ ನಿನಗೆ ದೊರೆತ ಸ್ವಾತಂತ್ರ್ಯವನ್ನು ಪಡೆಯುವವನಿಗೂ ಕೊಡು. 2024ರ ಫೆಬ್ರವರಿಯಲ್ಲಿ, ಸ್ಟಾಟ್‌ಕೌಂಟರ್ ಸಂಸ್ಥೆಯ ಎಣಿಕೆಯಂತೆ, ಜಗತ್ತಿನ ಮೇಜುಗಣಕಗಳಲ್ಲಿ ಲಿನಕ್ಸಿನ ಪಾಲು ಮೊದಲ ಬಾರಿಗೆ ಶೇಕಡಾ 4ನ್ನು ದಾಟಿತು. ಪಾಲು ಕಿರಿದು, ನಡಿಗೆ ಮುಮ್ಮುಖ.

ನಮ್ಮ ಸೀಮೆಗೆ ಈ ನೀತಿ ಹೊಸದೇ? ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರ, ಮಾನ್ವಿಯ ಕಡೆಯ ಬ್ಯಾಗವಾಟಿನ ಜಗನ್ನಾಥದಾಸರ ಪದಗಳನ್ನು ಹಾಡಲು ಯಾರ ಅಪ್ಪಣೆಯನ್ನೂ ಯಾರೂ ಬೇಡಲಿಲ್ಲ. ಕೇಳಿದವರು ಕಲಿತರು, ಕಲಿತವರು ಕಲಿಸಿದರು. ಅಂಕಿತ ಮಾತ್ರ ಕರ್ತೃವಿನದಾಗಿ ಉಳಿಯಿತು. ಹೋಲಿಕೆ ಪೂರ್ಣವಲ್ಲ, ನಿಜ. ದಾಸರ ಪದವನ್ನು ತಿದ್ದಲು ನಾವು ಅಂಜುತ್ತೇವೆ. ಮುಕ್ತ ತಂತ್ರಾಂಶವಾದರೋ ತಿದ್ದುವವರಿಂದಲೇ ಬದುಕುತ್ತದೆ.

ತೊಡಕುಗಳಿಲ್ಲವೆಂದು ಹೇಳಲಾರೆ. ಕೆಲವು ಮುದ್ರಣಯಂತ್ರಗಳು ಮುನಿಸಿಕೊಳ್ಳುತ್ತವೆ. ವಿಂಡೋಸಿಗಾಗಿಯೇ ರಚಿತವಾದ ಕೆಲವು ತಂತ್ರಾಂಶಗಳು ಇಲ್ಲಿ ನಡೆಯುವುದಿಲ್ಲ. ಆದರೆ ಭಾಷೆಯ ಬಾಳುವೆ ಇನ್ನೊಬ್ಬರ ಬೀಗದ ಕೈಯನ್ನು ನಂಬಿರಬಾರದೆಂಬ ಪಾಠವನ್ನು ನಾನು ದುಬಾರಿ ಬೆಲೆ ತೆತ್ತು ಕಲಿತೆ.

ಮರಳಿ ಬಂದ ಹಾಡುಗಳಲ್ಲಿ ಮೂರು ಕಡೆ ಒತ್ತಕ್ಷರಗಳು ಕಲಸಿಹೋಗಿವೆ. ಅಲ್ಲಿದ್ದ ಮಾತು ಯಾವುದೆಂದು ನನಗೆ ನೆನಪಿಲ್ಲ. ಊಹಿಸಿ ತುಂಬಲು ಮನಸ್ಸು ಒಪ್ಪಲಿಲ್ಲ. ಆ ಎಡೆಗಳನ್ನು ಬರಿದಾಗಿಯೇ ಬಿಟ್ಟಿದ್ದೇನೆ.