ಹೊಸ ಫೋನ್ ಬಂತು, ಹಳೇ ಫೋನಿನ ಪಾಠವೂ ನಡೀಲಿ

ಮನೆಗೆ ಹೊಸ ಫೋನ್ ಬಂತಾ? ಹಳೇ ಫೋನಿನಲ್ಲಿರೋ ದೀಕ್ಷಾ ಆ್ಯಪನ್ನ ಈಗಲೇ ಅಳಿಸಬೇಡಿ!

ದೀಕ್ಷಾ ಶುರುವಾಗಿದ್ದು 2017ರ ಸೆಪ್ಟೆಂಬರ್ 5ಕ್ಕೆ. ನಮ್ಮ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಪಾಠ ತೆರೆಯೋದು ಇದರಲ್ಲೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಎಷ್ಟೋ ಮಕ್ಕಳಿಗೆ ಅಪ್ಪನ ಹಳೇ ಫೋನೇ ಗತಿ.

ಆ್ಯಪ್ ಹೊಸ ಫೋನುಗಳಿಗೆ ತಕ್ಕಂತೆ ಬದಲಾಗ್ತಾ ಹೋದ ಹಾಗೆ, ಹಳೇ ಆಂಡ್ರಾಯ್ಡ್‌ಗೆ ಹೊಸ ಆವೃತ್ತಿ ಸಿಗದೇ ಹೋಗಬಹುದು. ಹಳೇ ಫೋನಲ್ಲಿ ಬೇರೆ ತೊಂದರೆಗಳೂ ಇರಬಹುದು. ಆಗೇನು ಮಾಡೋದು?

ಒಂದು: ಕ್ಯಾಮೆರಾ ಮಸುಕಾಗಿದ್ಯಾ? ಕ್ಯೂಆರ್ ಚೌಕದ ಕೆಳಗೆ 6 ಅಕ್ಷರ-ಅಂಕಿಗಳ ಕೋಡ್ ಇರುತ್ತೆ. ಅದನ್ನ ದೀಕ್ಷಾದಲ್ಲಿ ಟೈಪ್ ಮಾಡಿ, ಅದೇ ಪಾಠ ಬರುತ್ತೆ.

ಎರಡು: ಆ್ಯಪೇ ನಡೀತಿಲ್ವಾ? ಬ್ರೌಸರ್‌ನಲ್ಲಿ ದೀಕ್ಷಾ ಜಾಲತಾಣ ತೆರೆದು ನೋಡಿ.

ಮೂರು: ಕಾಡಂಚಿನ ಹಾಡೀಲಿ ಸಿಗ್ನಲ್ ಸಿಗಲ್ವಾ? ನೆಟ್‌ವರ್ಕ್ ಇರೋ ಕಡೆ ಆ್ಯಪಿನಲ್ಲಿ ಪಾಠ ಡೌನ್‌ಲೋಡ್ ಮಾಡ್ಕೊಂಡು ಬನ್ನಿ. ಆಮೇಲೆ ಇಂಟರ್ನೆಟ್ ಇಲ್ಲದೆಯೂ ಓಡುತ್ತೆ.

ಮೇಷ್ಟ್ರೇ, ಮೇಡಂ, ಶಾಲೆಗೆ ಹೊಸ ಟ್ಯಾಬ್ ಬಂದ ದಿನ ಒಂದು ಮಾತು ಕೇಳಿ: ಹಳೇ ಫೋನಿರೋ ಮಗು ಏನು ಮಾಡ್ಬೇಕು? ಹೊಸದು ಎಲ್ಲರ ಕೈ ಸೇರೋವರೆಗೂ ಆ ಮಗುವಿನ ಕೈ ಬಿಡಬೇಡಿ.