ಹುದ್ದೆಯ ಪಟ್ಟಿಯಲ್ಲಿ ಕಾಣದ ತಿರುವುಗಳು



ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದಿದವರ ಸಾಧನೆಯ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಈ ವಿಷಯ ಬಂದಾಗ ನಮ್ಮಲ್ಲೊಂದು ರೂಢಿಯಿದೆ. ಹೆಸರು, ಪದವಿ ಪಡೆದ ವರ್ಷ, ಈಗಿನ ಹುದ್ದೆ, ಈಗಿನ ಊರು. ಈ ನಾಲ್ಕು ಕಾಲಂ ತುಂಬಿದರೆ ಸ್ಮರಣ ಸಂಚಿಕೆಯ ಮಟ್ಟಿಗೆ ಒಬ್ಬರ ಬದುಕು ಮುಗಿದಂತೆ. ಪಟ್ಟಿ ಮಾಡುವುದು ಒಳ್ಳೆಯ ಕೆಲಸವೇ. ಆದರೆ ಒಂದು ಹುದ್ದೆಯಿಂದ ಇನ್ನೊಂದಕ್ಕೆ, ಒಂದು ವಿಷಯದಿಂದ ಇನ್ನೊಂದಕ್ಕೆ ಆ ವ್ಯಕ್ತಿ ಹೇಗೆ ದಾಟಿದರು ಎಂಬುದು ಅಲ್ಲಿ ಇರುವುದಿಲ್ಲ. ಕಿರಿಯರು ಕಲಿಯಬೇಕಾದದ್ದು ಹೆಚ್ಚಾಗಿ ಇರುವುದು ಆ ತಿರುವುಗಳಲ್ಲೇ ಎಂಬುದು ಇವತ್ತಿನ ನನ್ನ ಮಾತಿನ ಸಾರ.

ಉದಾಹರಣೆಗೆ ಮೈಸೂರು ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಅದು ಸ್ಥಾಪನೆಯಾಯಿತು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಆಗ ಅದರ ಅಂಗಗಳು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಗುವವರೆಗೂ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರ ಕೈಗೆ ಬಂದದ್ದು ಮೈಸೂರಿನ ಪದವಿಯೇ. ಅಲ್ಲಿ ಓದಿ ಹೊರಬಂದ ನಾಲ್ವರ ದಾರಿಯನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯವರು ಎ. ಕೆ. ರಾಮಾನುಜನ್. ತಂದೆ ಗಣಿತದ ಪ್ರಾಧ್ಯಾಪಕರು. ಮಗ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ 1950ರಲ್ಲಿ ಎಂ.ಎ. ಮುಗಿಸಿದರು. ಮುಂದೆ ಕೊಲ್ಲಂ, ಬೆಳಗಾವಿ, ಬರೋಡಗಳಲ್ಲಿ ಇಂಗ್ಲಿಷ್ ಮೇಷ್ಟರ ಕೆಲಸ. ಮೂವತ್ತರ ಹತ್ತಿರ ಬಂದಾಗ ಅವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ವಿದ್ಯಾರ್ಥಿಯಾದರು. ಪಾಠ ಹೇಳುತ್ತಿದ್ದವರು ಮತ್ತೆ ಬೆಂಚಿನ ಮೇಲೆ ಕುಳಿತರು. ಅಲ್ಲಿಂದ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ, 1960ರ ದಶಕದ ಆರಂಭದಲ್ಲಿ ಷಿಕಾಗೋಗೆ. 1973ರಲ್ಲಿ ವಚನಗಳ ಅನುವಾದ 'ಸ್ಪೀಕಿಂಗ್ ಆಫ್ ಶಿವ' ಬಂತು, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್. ಆ ಅನುವಾದದ ಹಿಂದೆ ಮನೆಯಲ್ಲಿ ಕೇಳಿದ ಕನ್ನಡ ಮತ್ತು ತಮಿಳು, ಕಾಲೇಜಿನ ಇಂಗ್ಲಿಷ್, ಪುಣೆ ಮತ್ತು ಇಂಡಿಯಾನಾಗಳ ಭಾಷಾವಿಜ್ಞಾನ ಎಲ್ಲವೂ ಇವೆ. ವಿಷಯ ಬದಲಾದರೂ ಹಿಂದಿನದು ಯಾವುದೂ ವ್ಯರ್ಥವಾಗಲಿಲ್ಲ. ಅದೇ ಮಹಾರಾಜ ಕಾಲೇಜಿನ ಇನ್ನೊಬ್ಬ ಇಂಗ್ಲಿಷ್ ವಿದ್ಯಾರ್ಥಿ ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಬರೆದದ್ದು 'ಸಂಸ್ಕಾರ'. ಅದನ್ನು ಇಂಗ್ಲಿಷಿಗೆ ತಂದವರು ರಾಮಾನುಜನ್. ಇಬ್ಬರ ಹುದ್ದೆಯ ಕಾಲಂ ನೋಡಿದರೆ ಈ ಕೆಲಸದ ಸುಳಿವೇ ಸಿಗುವುದಿಲ್ಲ.

ಎರಡನೆಯವರು ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿದ ಇವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಗಣಿತದಿಂದ ವಿದ್ಯುತ್ ಸಂವಹನದ ಕಡೆ ತಿರುಗಿದರು. ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಬಂದರು, ಪಿಎಚ್.ಡಿ. ಮುಗಿಸಿ 1953ರಲ್ಲಿ ಮತ್ತೆ ಬೆಂಗಳೂರಿನ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಮೈಕ್ರೋವೇವ್ ಎಂಜಿನಿಯರಿಂಗ್ ನಮ್ಮ ದೇಶದಲ್ಲಿ ಆಗಿನ್ನೂ ಕಣ್ಣುಬಿಡುತ್ತಿದ್ದ ವಿಷಯ. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಆ ಕ್ಷೇತ್ರದ ಸಂಶೋಧನೆಯನ್ನು ಕಟ್ಟಿದರು. ಇಪ್ಪತ್ತರಷ್ಟು ಮಂದಿ ಇವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. ಮಿಷಿಗನ್‌ನಿಂದ ಬೆಂಗಳೂರಿಗೆ ಮರಳಿದ್ದನ್ನು ಇಳಿಜಾರು ಎಂದು ಎಣಿಸುವವರು ಇಂದಿಗೂ ಇದ್ದಾರೆ. ಆ ಶಿಷ್ಯರನ್ನು ಕೇಳಿದ್ದರೆ ಅವರ ಲೆಕ್ಕ ಬೇರೆಯೇ ಇರುತ್ತಿತ್ತು.

ಮೂರನೆಯವರು ನಿಮಗೆಲ್ಲ ಪರಿಚಿತರಾದ ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋದರು. ಇಂದಿನ ಭಾಷೆಯಲ್ಲಿ ಅದು ರೆಸ್ಯೂಮೆಯಲ್ಲಿನ ಖಾಲಿ ಜಾಗ. ಮತ್ತೆ ಬಂದು ಎಂ.ಎಸ್‌ಸಿ. ಮುಗಿಸಿ, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದು ಅದೇ ಕಾಲೇಜಿಗೆ ಹಿಂದಿರುಗಿದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಅವಧಿ ಮುಗಿದ ಮೇಲೂ ಅವರ ಮನೆ ಕಾಲೇಜು ಹಾಸ್ಟೆಲಿನ ಕೋಣೆಯೇ. ಪಟ್ಟಿ ಮಾಡುವವರು 'ಮಾಜಿ ಕುಲಪತಿ' ಎಂದು ಬರೆದು ನಿಲ್ಲಿಸುತ್ತಾರೆ. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳನ್ನು ಕೇಳಿ ವಿಜ್ಞಾನದ ರುಚಿ ಹತ್ತಿಸಿಕೊಂಡವರು ಆ ಪಟ್ಟಿಯ ಹೊರಗೆ ಉಳಿಯುತ್ತಾರೆ.

ನಾಲ್ಕನೆಯವರು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್. ವಿಶ್ವವಿದ್ಯಾಲಯ ಹುಟ್ಟಿದ ವರ್ಷವೇ ಇವರೂ ಮೈಸೂರಿನಲ್ಲಿ ಹುಟ್ಟಿದರು. ಮಹಾರಾಜ ಕಾಲೇಜು, ಮುಂಬಯಿ, ಆಕ್ಸ್‌ಫರ್ಡ್ ಹೀಗೆ ಸಾಗಿತು ಓದು. ಆಕ್ಸ್‌ಫರ್ಡಿನ ಅಧ್ಯಾಪಕ ಹುದ್ದೆ ಬಿಟ್ಟು 1951ರಲ್ಲಿ ಬರೋಡಕ್ಕೆ, 1959ರಲ್ಲಿ ದೆಹಲಿಗೆ ಹೋಗಿ ಎರಡೂ ಕಡೆ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಕ್ಷೇತ್ರಕಾರ್ಯ ಮಾಡಿದ್ದರು. ಆ ಹಳ್ಳಿಗೆ ಅವರು ಕೊಟ್ಟ ಹೆಸರು ರಾಮಪುರ. ಅದರ ಬಗ್ಗೆ ಪುಸ್ತಕ ಬರೆಯಲೆಂದು ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರಕ್ಕೆ ಬಂದಿದ್ದಾಗ, 1970ರ ಏಪ್ರಿಲ್‌ನಲ್ಲಿ, ಯಾರೋ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ವರ್ಷಗಳ ಕಾಲ ಕೂತು ತಿದ್ದಿ ಜೋಡಿಸಿದ ಟಿಪ್ಪಣಿಗಳ ಪ್ರತಿಗಳೆಲ್ಲ ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಹಾಗೆ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಪ್ರಕಟವಾಯಿತು. ಇಂದಿಗೂ ಅವರ ಪುಸ್ತಕಗಳಲ್ಲಿ ಜನ ಬಹಳ ಪ್ರೀತಿಯಿಂದ ಓದುವುದು ಇದನ್ನೇ.

ಈ ನಾಲ್ವರೂ ದೊಡ್ಡವರು, ನಮ್ಮಂಥವರಿಗೆ ಅವರ ಹೋಲಿಕೆ ಎಲ್ಲಿಯದು ಎಂದು ನೀವು ಕೇಳಬಹುದು. ಅವರ ಪ್ರತಿಭೆ ನಮಗೆ ಸಿಗಲಾರದು, ನಿಜ. ಆದರೆ ಮೂವತ್ತರಲ್ಲಿ ಹೊಸದಾಗಿ ಕಲಿಯುವುದು, ಇದ್ದ ಜಾಗ ಬಿಟ್ಟು ಅನುಕೂಲ ಕಡಿಮೆಯಿರುವ ಜಾಗಕ್ಕೆ ಹೋಗುವುದು, ನಡುವೆ ಎರಡು ವರ್ಷ ಖಾಲಿ ಬೀಳುವುದು, ಮಾಡಿದ್ದೆಲ್ಲ ಒಂದೇ ದಿನದಲ್ಲಿ ಕೈಬಿಟ್ಟುಹೋಗುವುದು, ಇವೆಲ್ಲ ಈ ಸಭಾಂಗಣದಲ್ಲಿ ಕೂತಿರುವ ಎಷ್ಟೋ ಜನರಿಗೆ ಗೊತ್ತಿರುವ ಸಂಗತಿಗಳೇ.

ಈ ದೇಶದಲ್ಲಿ ಎಚ್-1ಬಿ ವೀಸಾದ ಮೇಲಿರುವವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕೆಲಸವೋ ಬೇರೆ ವೀಸಾದ ದಾರಿಯೋ ಸಿಗಬೇಕು, ಇಲ್ಲವಾದರೆ ಮನೆ, ಮಕ್ಕಳ ಶಾಲೆ ಎಲ್ಲ ಬಿಟ್ಟು ಹೊರಡಬೇಕು. ಇನ್ನು ಎಚ್-4 ವೀಸಾದಲ್ಲಿ ಬಂದವರು, ಅವರಲ್ಲಿ ಹೆಚ್ಚಿನವರು ಓದಿದ ಹೆಣ್ಣುಮಕ್ಕಳು. 2015ರವರೆಗೆ ಅವರಿಗೆ ದುಡಿಯುವ ಅನುಮತಿಯೇ ಇರಲಿಲ್ಲ. ಆಮೇಲೂ ಸಿಕ್ಕಿದ್ದು ಗ್ರೀನ್ ಕಾರ್ಡಿನ ಹಾದಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ. ರ‍್ಯಾಂಕ್ ಪಡೆದು ಬಂದವರ ಹತ್ತು ವರ್ಷಗಳು ಹೀಗೆ ಕಾನೂನಿನ ಒಂದು ಸಾಲಿನ ಕೆಳಗೆ ಮುಚ್ಚಿಹೋದದ್ದುಂಟು. ನಮ್ಮ ಪಟ್ಟಿಯಲ್ಲಿ ಅವರ ಹುದ್ದೆಯ ಕಾಲಂ ಖಾಲಿ. ಕಾಲಂ ಖಾಲಿಯಾದವರು ಕ್ರಮೇಣ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಬರುವುದನ್ನೇ ಬಿಡುತ್ತಾರೆ. 'ಈಗೇನು ಮಾಡ್ತಿದ್ದೀರಿ' ಎಂಬ ಪ್ರಶ್ನೆಗೆ ಹೆದರಿ.

ಇದರಲ್ಲಿ ದೊಡ್ಡ ನಷ್ಟವಿದೆ. ಏಕೆಂದರೆ ಕೂಟದ ಅಗತ್ಯ ಅತಿ ಹೆಚ್ಚು ಇರುವುದು ಅವರಿಗೇ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಬಾಸ್ಟನ್ ಬಳಿಯ ಊರೊಂದರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದ್ದರು: ಸುದ್ದಿ ತಿಳಿಸಿದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಆಗಾಗ ಎಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆಲ್ಲ ನೆರವಾದದ್ದು ಯಾವಾಗಲಾದರೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವ ಪರಿಚಯದವರು. ಕಾರಣ ಸರಳ. ದಿನವೂ ಸಿಗುವ ಗೆಳೆಯರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ವಲಯದಲ್ಲಿ ಓಡಾಡುತ್ತಾರೆ, ಬೇರೆ ಸುದ್ದಿ ತರುತ್ತಾರೆ. ಒಂದೇ ಕಾಲೇಜಿನಲ್ಲಿ ಹತ್ತು ವರ್ಷ ಹಿಂದೆಮುಂದೆ ಓದಿದವರ ಸಂಬಂಧ ಇಂಥದ್ದೇ: ಗಟ್ಟಿ ಸ್ನೇಹವಲ್ಲ, ಆದರೆ ಫೋನ್ ಮಾಡಿದರೆ ಯಾರೂ ಬೇಡವೆನ್ನುವುದಿಲ್ಲ.

ಹಾಗಾಗಿ ನಮ್ಮ ಸಂಘಗಳಿಗೆ ಮೂರು ಸಲಹೆಗಳು. ಒಂದು, ಮುಂದಿನ ಪಟ್ಟಿಯಲ್ಲಿ ಹುದ್ದೆಯ ಪಕ್ಕ ಇನ್ನೊಂದು ಕಾಲಂ ಇರಲಿ: 'ನೀವು ದಾಟಿದ ಒಂದು ತಿರುವು, ಆಗ ನೆರವಾದವರು ಯಾರು'. ನಾಲ್ಕು ಸಾಲು ಸಾಕು. ಎರಡು, ಕೆಲಸ ಹೋದವರಿಗೆ ಮೊದಲ ವಾರದಲ್ಲೇ ಕರೆ ಮಾಡುವ ಐದಾರು ಜನರ ತಂಡ ಪ್ರತಿ ಊರಿನಲ್ಲೂ ಇರಲಿ. 60 ದಿನಗಳ ಲೆಕ್ಕದಲ್ಲಿ ಒಂದು ವಾರವೂ ದೊಡ್ಡದು. ಮೂರು, ವರ್ಷಗಳ ನಂತರ ಮತ್ತೆ ಕೆಲಸಕ್ಕೆ ಮರಳುವ ಹೆಣ್ಣುಮಕ್ಕಳಿಗೆ ಅವರ ಕ್ಷೇತ್ರದಲ್ಲೇ ಇರುವ ಹಿರಿಯರೊಬ್ಬರನ್ನು ಜೊತೆ ಮಾಡಿಕೊಡಿ. ಸನ್ಮಾನದ ಶಾಲಿಗಿಂತ ಇದಕ್ಕೆ ಖರ್ಚು ಕಡಿಮೆ.

ಈ ಸಂಜೆ ಊಟದ ಸಾಲಿನಲ್ಲಿ ನಿಮ್ಮ ಕಾಲೇಜಿನವರು ಯಾರಾದರೂ ಸಿಕ್ಕರೆ, 'ಈಗ ಎಲ್ಲಿದ್ದೀರಿ' ಎಂದು ಕೇಳುವ ಬದಲು 'ಇಲ್ಲಿಗೆ ಹೇಗೆ ಬಂದಿರಿ' ಎಂದು ಕೇಳಿ ನೋಡಿ.